ಕೊಳಚೆ ನೀರಿನ ಕಥೆ, ಭಾಗ 4: ಜರಡಿ ತೊಟ್ಟಿಗಿಳಿದ ವರ್ಷ

1914, ಮ್ಯಾಂಚೆಸ್ಟರ್. ಆರ್ಡೆರ್ನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದಲೇ ಕೊಳೆ ತಿನ್ನಿಸಿದ್ರು. ಆದ್ರೆ ಕೆಸರು ತಳಕ್ಕಿಳಿಯೋವರೆಗೂ ಕಾಯಬೇಕು, ಅದಕ್ಕೆ ಇನ್ನೊಂದು ದೊಡ್ಡ ತೊಟ್ಟಿ ಬೇಕು. ಸರಿಯಾಗಿ ಇಳಿಯದಿದ್ರೆ ಕೆಸರೂ ನೀರಿನ ಜೊತೆ ನದಿಗೇ!

1960ರ ದಶಕದ ಕೊನೆಗೆ ಅಮೆರಿಕದ ಡಾರ್-ಆಲಿವರ್ ಕಂಪನಿ ಕಾಯೋ ಬದಲು ಸೋಸೋಕೆ ಹೊರಟಿತು. ತೊಟ್ಟಿಯ ಹೊರಗೆ ಮೆಂಬ್ರೇನ್ ಇಟ್ಟು, ಪಂಪಿನಿಂದ ನೀರು ತಳ್ಳಿದ್ರು. ನೀರೇನೋ ತಿಳಿಯಾಯ್ತು, ಕರೆಂಟ್ ಖರ್ಚು ವಿಪರೀತ.

1989ರಲ್ಲಿ ಜಪಾನಿನ ಕಜುವೊ ಯಮಾಮೊಟೊ ಮತ್ತು ಸಂಗಡಿಗರು ಮೆಂಬ್ರೇನನ್ನೇ ತೊಟ್ಟಿಯೊಳಗೆ ಮುಳುಗಿಸಿ, ನೀರನ್ನು ಮೆಲ್ಲಗೆ ಹೀರಿ ತೆಗೆದ್ರು. ಅಷ್ಟೇ ಬದಲಾವಣೆ, ಕರೆಂಟ್ ಖರ್ಚು ಎಷ್ಟೋ ಇಳಿಯಿತು.

ರಂಧ್ರ ಕಟ್ಟಿಕೊಳ್ಳೋ ಕಾಟ ಮಾತ್ರ ಇವತ್ತಿಗೂ ತಪ್ಪಿಲ್ಲ. ನಾವು ಫ್ಲಶ್ ಮಾಡಿ ಮರೆಯೋ ನೀರು ಮತ್ತೆ ಗಿಡಕ್ಕೆ ಬರೋದರ ಹಿಂದೆ 75 ವರ್ಷದ ತಲೆನೋವಿದೆ ಗೆಳೆಯರೇ.