ಟ್ರೇಡ್‌ಮಾರ್ಕ್ ಉಲ್ಲಂಘನೆ (ಭಾರತ)

ಒಬ್ಬ ವ್ಯಾಪಾರಿ ನೋಂದಾಯಿಸಿಕೊಂಡ ಹೆಸರು, ಲೋಗೊ ಅಥವಾ ಲೇಬಲನ್ನು ಇನ್ನೊಬ್ಬ ಅನುಮತಿಯಿಲ್ಲದೆ ಹಾಗೆಯೇ ಬಳಸುವುದು ಅಥವಾ ಗ್ರಾಹಕ ಮೋಸಹೋಗುವಷ್ಟು ಹೋಲುವಂತೆ ಬಳಸುವುದನ್ನು ಟ್ರೇಡ್‌ಮಾರ್ಕ್ ಉಲ್ಲಂಘನೆ ಎನ್ನುತ್ತಾರೆ. ನಕಲು ಮಾಡುವ ಉದ್ದೇಶವಿರಲಿಲ್ಲ ಎಂದ ಮಾತ್ರಕ್ಕೆ ಇದರಿಂದ ಪಾರಾಗಲು ಸಾಧ್ಯವಿಲ್ಲ.

ಬ್ರಿಟನ್ನಿನಲ್ಲಿ 1875ರ ಕಾಯ್ದೆಯಂತೆ ನೋಂದಣಿ ಶುರುವಾದಾಗ ಬ್ಯಾಸ್ ಬಿಯರ್ ಕಂಪನಿಯ ಕೆಂಪು ತ್ರಿಕೋನ ಮೊದಲನೆಯದಾಗಿ ದಾಖಲಾಯಿತು. ಭಾರತದಲ್ಲಿ 1889ರ ಕಾಯ್ದೆಯೊಂದು ಸರಕಿನ ಮೇಲೆ ಸುಳ್ಳು ಮುದ್ರೆ ಒತ್ತುವವರನ್ನು ದಂಡಿಸುತ್ತಿತ್ತು. ನೋಂದಣಿಯ ವ್ಯವಸ್ಥೆ ಬಂದದ್ದು 1940ರ ಟ್ರೇಡ್ ಮಾರ್ಕ್ಸ್ ಕಾಯ್ದೆಯೊಂದಿಗೆ. ಅದರ ಜಾಗಕ್ಕೆ 1958ರ ಕಾಯ್ದೆ ಬಂತು. ಈಗಿರುವ 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ.

ಕಾಯ್ದೆಯ ಪುಟಗಳಿಗಿಂತ ನ್ಯಾಯಾಲಯದ ತೀರ್ಪುಗಳೇ ಈ ಕಾನೂನಿಗೆ ಜೀವ ಕೊಟ್ಟಿವೆ. ಗ್ಲುಕೋ ಬಿಸ್ಕತ್ತಿನ ಪ್ರಕರಣ ಇಂದಿಗೂ ದಾರಿದೀಪ. ಪಾರ್ಲೆಯ ಹೊದಿಕೆಯ ಮೇಲೆ ತೋಟದ ಮನೆಯ ಅಂಗಳ, ಕೈಯಲ್ಲಿ ಬಕೆಟ್ ಹಿಡಿದ ಹುಡುಗಿ, ಸುತ್ತ ಹಸು ಕೋಳಿಗಳಿದ್ದವು. ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಹೊದಿಕೆಯಲ್ಲೂ ಹಸು ಕೋಳಿಗಳ ನಡುವೆ ಒಬ್ಬಳು ಹುಡುಗಿ. ಅವಳ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು. ಮೈಸೂರು ಹೈಕೋರ್ಟು ಪಾರ್ಲೆಯ ವಾದವನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟು 1972ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಎರಡೂ ಪೊಟ್ಟಣಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಎಣಿಸುವಂತಿಲ್ಲ, ಒಂದನ್ನು ಕೊಂಡು ರೂಢಿಯಿದ್ದವನಿಗೆ ಇನ್ನೊಂದನ್ನು ಕೊಟ್ಟರೆ ಅದೇ ಎಂದು ತೆಗೆದುಕೊಂಡಾನೇ ಎಂಬುದನ್ನು ನೋಡಬೇಕು ಎಂದು ಅದು ಹೇಳಿತು. ಅಂಗಡಿಯಲ್ಲಿ ಆತುರದಲ್ಲಿ ನಿಂತ ಗ್ರಾಹಕನ ಅರೆನೆನಪನ್ನೇ ಅಳತೆಗೋಲಾಗಿಸಿದ ಈ ನಿಲುವು ನ್ಯಾಯವಾದದ್ದು. ಮೋಸ ನಡೆಯುವುದು ಅಲ್ಲಿಯೇ.

ನೋಂದಣಿಯಿಲ್ಲದವರು ಉಲ್ಲಂಘನೆಯ ದಾವೆ ಹೂಡುವಂತಿಲ್ಲ. ತಮ್ಮ ಹೆಸರಿಗೆ ಮಾರುಕಟ್ಟೆಯಲ್ಲಿ ಮನ್ನಣೆಯಿದೆ, ಎದುರಾಳಿ ತನ್ನ ಸರಕನ್ನು ತಮ್ಮದೆಂಬಂತೆ ಮಾರಿ ನಷ್ಟ ಮಾಡುತ್ತಿದ್ದಾನೆ ಎಂದು ತೋರಿಸಿ 'ಪಾಸಿಂಗ್ ಆಫ್' ದಾವೆ ಹೂಡಬಹುದು. ಇಲ್ಲಿ ಸಾಕ್ಷ್ಯದ ಹೊರೆ ಹೆಚ್ಚು.

ನೋಂದಣಿಯಾದ ಹೆಸರೂ ಎಲ್ಲ ಸರಕಿನ ಮೇಲೂ ಏಕಸ್ವಾಮ್ಯ ಕೊಡುವುದಿಲ್ಲ. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' 1985ರಿಂದ ಬಳಕೆಯಲ್ಲಿತ್ತು. 1989ರಲ್ಲಿ ಬೆಂಗಳೂರಿನಲ್ಲಿ 'ನಂಧಿನಿ' ಹೋಟೆಲುಗಳು ಶುರುವಾದವು. ಆ ಹೆಸರಿನ ನೋಂದಣಿಗೆ ಮಹಾಮಂಡಳ ತಕರಾರು ತೆಗೆಯಿತು, ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿತು. 2018ರಲ್ಲಿ ಸುಪ್ರೀಂ ಕೋರ್ಟು ಹೋಟೆಲಿನ ಪರ ನಿಂತಿತು: ನಂದಿನಿ ದೇವತೆಯ, ಪುರಾಣದ ಹಸುವಿನ ಹೆಸರು, ಲೋಗೊಗಳು ಬೇರೆ, ವ್ಯಾಪಾರವೂ ಬೇರೆ. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಹೋಟೆಲು ಆ ಹೆಸರನ್ನು ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ಗೆರೆ ಎಳೆಯಿತು. ದೇವರ ಹೆಸರಿನಲ್ಲಿ ಅಂಗಡಿ ತೆರೆಯುವುದು ನಮ್ಮಲ್ಲಿ ವಾಡಿಕೆ. ಅಂಥ ಹೆಸರಿಗೆ ಸಿಗುವ ರಕ್ಷಣೆ ತೆಳು; ಹೊಸದಾಗಿ ಕಟ್ಟಿದ ಹೆಸರಿಗೆ ಗಟ್ಟಿ ರಕ್ಷಣೆ ಸಿಗುತ್ತದೆ.

ತಡಮಾಡಿದವರೂ ಸೋಲುತ್ತಾರೆ. ಬೆಂಗಳೂರಿನ ಖೋಡೇಸ್ ಕಂಪನಿ 1968ರಿಂದ 'ಪೀಟರ್ ಸ್ಕಾಟ್' ವಿಸ್ಕಿ ಮಾರುತ್ತಿತ್ತು. ಸ್ಕಾಟ್ಲೆಂಡಿನ ವಿಸ್ಕಿ ತಯಾರಕರ ಸಂಘಕ್ಕೆ 1974ರಲ್ಲೇ ವಿಷಯ ಗೊತ್ತಿದ್ದರೂ ನೋಂದಣಿ ರದ್ದತಿಗೆ ಅರ್ಜಿ ಹಾಕಿದ್ದು 1986ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟು ಖೋಡೇಸ್ ಪರ ತೀರ್ಪು ಕೊಟ್ಟಿತು. ಆ ಸುದೀರ್ಘ ಮೌನ ತೀರ್ಪಿಗೆ ಒಂದು ಮುಖ್ಯ ಕಾರಣ. ಈಗಿನ ಕಾಯ್ದೆಯ 33ನೇ ಕಲಂ ಪ್ರಕಾರ, ನೋಂದಾಯಿತ ಹೊಸ ಚಿಹ್ನೆಯ ಬಳಕೆಯನ್ನು ಗೊತ್ತಿದ್ದೂ ಸತತ 5 ವರ್ಷ ಸಹಿಸಿಕೊಂಡವರು, ಆ ನೋಂದಣಿಯಲ್ಲಿ ದುರುದ್ದೇಶವಿರದಿದ್ದರೆ, ಆಮೇಲೆ ತಕರಾರು ತೆಗೆಯುವಂತಿಲ್ಲ.

ಗೆದ್ದವರಿಗೆ ತಡೆಯಾಜ್ಞೆಯ ಜೊತೆಗೆ ನಷ್ಟಪರಿಹಾರವಾಗಲಿ ಎದುರಾಳಿಯ ಲಾಭದ ಲೆಕ್ಕವಾಗಲಿ ಸಿಗುತ್ತದೆ. ದಾವೆಯನ್ನು ತಾನು ವ್ಯಾಪಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದೆಂಬುದು ಸಣ್ಣ ವ್ಯಾಪಾರಿಗೆ ದೊಡ್ಡ ಆಸರೆ. ಸುಳ್ಳು ಚಿಹ್ನೆ ಬಳಸುವುದು ಅಪರಾಧವೂ ಹೌದು: 6 ತಿಂಗಳಿಂದ 3 ವರ್ಷ ಸೆರೆವಾಸ, ₹50,000ದಿಂದ ₹2 ಲಕ್ಷದವರೆಗೆ ದಂಡ. ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕು. ನೋಂದಾಯಿಸಿದವರ ಬಳಕೆಗೂ ನೋಂದಣಿಗೂ ಮೊದಲಿನಿಂದ ಅದೇ ಹೆಸರು ಬಳಸುತ್ತ ಬಂದವರನ್ನು 34ನೇ ಕಲಂ ಕಾಪಾಡುತ್ತದೆ. ಅದನ್ನು ಸಾಬೀತುಪಡಿಸಲು ಮೊದಲ ದಿನದಿಂದಲೇ ಬಿಲ್ಲು, ಜಾಹೀರಾತು, ಪೊಟ್ಟಣದ ಮಾದರಿಗಳನ್ನು ತಾರೀಖು ಸಮೇತ ಕಾಪಿಟ್ಟುಕೊಳ್ಳಬೇಕು.