ಮಿಷನ್ ಆಸ್ಪತ್ರೆಯ ತೂಕದ ಪುಸ್ತಕ

ಯಾರಿಗಾದ್ರೂ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಬಂತು ಅಂದ್ರೆ ನಮ್ಮ ಜನ ತೀರ್ಪು ಕೊಟ್ಟೇಬಿಡ್ತಾರೆ: ‘ಬಾಯಿ ಕಟ್ಟಲಿಲ್ಲ, ಮೈ ಬಗ್ಗಿಸಲಿಲ್ಲ.’ ಈ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನೆನಪಾಗುತ್ತೆ. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ.

1906ರಲ್ಲಿ ಶುರುವಾದ ಆಸ್ಪತ್ರೆ ಇದು. 1934ರಿಂದ ಇಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಶ್ರದ್ಧೆಯಿಂದ ಬರೆದಿಟ್ಟರು. ಬಸುರಿಯ ತೂಕವನ್ನೂ ಬರೆದರು. ಬರೆದವರಿಗೆ ಇದು ಮುಂದೆ ಯಾವ ಕೆಲಸಕ್ಕೆ ಬಂದೀತು ಅನ್ನೋ ಕಲ್ಪನೆ ಇದ್ದಿರಲಾರದು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಇಲ್ಲಿನ ವೈದ್ಯರ ಜೊತೆ ಸೇರಿ ಆ ಪುಸ್ತಕಗಳನ್ನು ಬಿಚ್ಚಿದರು. 1934ರಿಂದ 1954ರ ನಡುವೆ ಹುಟ್ಟಿ, ಇನ್ನೂ ಆಸುಪಾಸಿನಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಅವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಮ್ಮಿ ಇದ್ದವರ ಪೈಕಿ ಶೇ. 11 ಮಂದಿಗೆ ಹೃದಯದ ಕಾಯಿಲೆ. ಮೂರು ಕಿಲೋ ಮೇಲಿದ್ದವರಲ್ಲಿ ಶೇ. 3. ತಾಯಿಯೂ 45 ಕಿಲೋಗಿಂತ ಹಗುರ ಇದ್ದಿದ್ರೆ ಅಪಾಯ ಇನ್ನೂ ಜಾಸ್ತಿ.

ಆ ಕಾಲದ ತಾಯಿ ಯಾಕೆ ಅಷ್ಟು ಹಗುರ ಇದ್ದಳು ಅನ್ನೋದು ಆಸ್ಪತ್ರೆಯ ಪುಸ್ತಕದಲ್ಲಿ ಸಿಗಲ್ಲ. ಅದಕ್ಕೆ ನಮ್ಮಜ್ಜಿಯನ್ನೇ ಕೇಳಬೇಕಿತ್ತು. ಕೋಳಿ ಕೂಗೋ ಮುಂಚೆ ಎದ್ದು ರಾಗಿ ಬೀಸೋದು, ನೀರು ಹೊರೋದು, ಸೌದೆ ತರೋದು, ಆಮೇಲೆ ಹೊಲ. ಉಣ್ಣೋ ಸರದಿ ಮಾತ್ರ ಕೊನೇದು: ಗಂಡಸರು, ಮಕ್ಕಳು, ಅತ್ತೆ, ಕಟ್ಟಕಡೆಗೆ ಸೊಸೆ. ಅಷ್ಟೊತ್ತಿಗೆ ಮಡಿಕೆ ತಳದಲ್ಲಿ ಅರ್ಧ ಮುದ್ದೆ, ನೀರು ಸಾರು. ಬಸುರೀಲಿ ಜಾಸ್ತಿ ಉಂಡ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಬೇರೆ ಹೆದರಿಸೋರು. ಮೈ ಬಗ್ಗಿಸಿಲ್ಲ ಅಂತ ಅವಳಿಗೆ ಹೇಳೋ ಧೈರ್ಯ ಯಾರಿಗಿದೆ?

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಇಷ್ಟು ಸಲೀಸಾಗಿಲ್ಲ. ಅದೇ ಪುಸ್ತಕಗಳನ್ನಿಟ್ಟುಕೊಂಡು 1998ರಲ್ಲಿ ಹೊರಬಂದ ಅಧ್ಯಯನದಲ್ಲಿ ಆ ಕಾಯಿಲೆ ಹೆಚ್ಚು ಕಂಡದ್ದು ಗಿಡ್ಡವಾಗಿ, ಗುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರು ತೂಕದವರೇ. ಹೊಟ್ಟೆ ತುಂಬ ಉಂಡರೆ ಸಾಕು, ಎಲ್ಲ ಸರಿಹೋಗುತ್ತೆ ಅನ್ನೋ ಹಾಗೂ ಇಲ್ಲ. ತಾನು ಕೂಸಾಗಿದ್ದಾಗ ಅರೆಹೊಟ್ಟೆಯಲ್ಲಿ ಬೆಳೆದ ಹೆಣ್ಣಿಗೆ ಮದುವೆಯಾದ ಮೇಲೆ ಹಿಟ್ಟಿನ ಗಿರಣಿ, ಮನೆ ಬಾಗಿಲಿಗೆ ನಲ್ಲಿ, ಮೂರು ಹೊತ್ತೂ ಅನ್ನ ಬಂದರೆ ಆ ಮೈ ಏನು ಮಾಡುತ್ತೆ? ಅಜ್ಜಿಯಿಂದ ಅಮ್ಮನಿಗೆ ಬರೋ ಹೊತ್ತಿಗೆ ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಆದದ್ದು ಇದೇ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹೊಸದಾಗಿ ಅಳತೆ ಶುರು ಮಾಡಿದರು. ಬ್ರಿಟನ್ನಿನ ಕೂಸುಗಳ ಪಕ್ಕಕ್ಕಿಟ್ಟರೆ ಇಲ್ಲಿನವು ಚಿಕ್ಕವು, ತೋಳು ಸಣ್ಣ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಇಳಿದಿರಲಿಲ್ಲ. ನಾಲ್ಕು ವರ್ಷ ತುಂಬಿದಾಗಲೂ ಹಾಗೇ ಇತ್ತು. ಆ ಮಕ್ಕಳಿಗೀಗ ಮಕ್ಕಳಾಗೋ ವಯಸ್ಸು.