ಹೊಸ ಮನೆಗೆ ಹಳೆಯ ಸಾಮಾನು: ಪೈಥಾನ್ ಎರಡರಿಂದ ಮೂರಕ್ಕೆ

ಪರದೇಶಕ್ಕೆ ಹೊರಟಾಗ ನಾವೆಲ್ಲರೂ ಒಂದು ಪ್ರಶ್ನೆಯನ್ನು ಎದುರಿಸಿದ್ದೇವೆ: ಯಾವುದನ್ನು ಕಟ್ಟಿಕೊಳ್ಳಬೇಕು, ಯಾವುದನ್ನು ಬಿಟ್ಟುಬರಬೇಕು, ಯಾವುದನ್ನು ಹೋದಲ್ಲಿಯೇ ಹೊಸದಾಗಿ ಕೊಳ್ಳಬೇಕು? ಗಣಕಭಾಷೆಗಳ ಲೋಕದಲ್ಲಿಯೂ ಇಂಥದೇ ಒಂದು ವಲಸೆ ನಡೆಯಿತು. ಅದಕ್ಕೆ 11 ವರ್ಷಗಳು ಹಿಡಿದವು. ಆ ಕಥೆಯಲ್ಲಿ ಕನ್ನಡದಂಥ ಭಾಷೆಗಳಿಗೂ ಪಾಲಿರುವುದರಿಂದ ಅದನ್ನು ಇಲ್ಲಿ ನೆನೆಯುತ್ತಿದ್ದೇವೆ.

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್‌ಲ್ಯಾಂಡ್ಸ್‌ನ ಗೀಡೊ ವಾನ್ ರಾಸಮ್. ಅದರ ಮೊದಲ ಆವೃತ್ತಿ ಹೊರಬಂದುದು 1991ರ ಫೆಬ್ರವರಿಯಲ್ಲಿ. ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ. ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ಕಾರ್ಯಕ್ರಮದಿಂದ ಅದನ್ನು ಪಡೆದರು. ಅದೇ ವರ್ಷ ಯೂನಿಕೋಡ್‌ನ ಮೊದಲ ಆವೃತ್ತಿಯೂ ಪ್ರಕಟವಾಯಿತು. ಕನ್ನಡ ಲಿಪಿಗೆ ಅದರಲ್ಲಿ ಸ್ಥಾನ ದೊರೆತಿತ್ತು. ಒಂದೇ ವರ್ಷ ಬೆಳಕು ಕಂಡ ಇವೆರಡೂ ಸಹಜವಾಗಿ ಒಂದಾಗಲು 17 ವರ್ಷಗಳು ಬೇಕಾದವು.

2000ದಲ್ಲಿ ಬಂದ ಪೈಥಾನ್ 2ರಲ್ಲಿ ಸಾಮಾನ್ಯ ಪಠ್ಯವೆಂದರೆ ಬೈಟ್‌ಗಳ ಸಾಲು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಆದುದರಿಂದ ಇಂಗ್ಲಿಷಿನಲ್ಲಿಯೇ ವ್ಯವಹರಿಸುವವರಿಗೆ ದೋಷ ಕಾಣಲೇ ಇಲ್ಲ. ‘ಕನ್ನಡ’ ಎಂಬ ಪದವನ್ನೇ ನೋಡೋಣ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ. ಯೂನಿಕೋಡ್‌ನ ಲೆಕ್ಕದಲ್ಲಿ ಐದು ಸಂಕೇತಗಳು: ಕ, ನ, ಒತ್ತಕ್ಷರವನ್ನು ಬೆಸೆಯುವ ಚಿಹ್ನೆ, ಮತ್ತೊಂದು ನ, ಡ. ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್; ಒಟ್ಟು 15. ಹಾಗೆ ಉಳಿಸಿದ ಪದದ ಉದ್ದವನ್ನು ಕೇಳಿದರೆ ಪೈಥಾನ್ 2 ಹೇಳುತ್ತಿದ್ದುದು 15. ಮೊದಲ ಅಕ್ಷರವನ್ನು ಕೇಳಿದರೆ ‘ಕ’ದ ಮೂರರಲ್ಲೊಂದು ಚೂರನ್ನು ಕೈಗಿಡುತ್ತಿತ್ತು. ಯೂನಿಕೋಡ್ ಪಠ್ಯಕ್ಕೆ ಬೇರೊಂದು ವ್ಯವಸ್ಥೆಯಿತ್ತಾದರೂ ಎರಡನ್ನೂ ಬೆರೆಸಿ ಬರೆಯಲು ಅಡ್ಡಿಯಿರಲಿಲ್ಲ. ವರ್ಷಗಟ್ಟಲೆ ಸುಗಮವಾಗಿ ನಡೆದ ಪ್ರೋಗ್ರಾಂ ಬೇರೆ ಲಿಪಿಯ ಒಂದೇ ಒಂದು ಹೆಸರು ಬಂದೊಡನೆ ಕುಸಿದುಬೀಳುತ್ತಿತ್ತು.

2008ರ ಡಿಸೆಂಬರ್ 3ರಂದು ಬಿಡುಗಡೆಯಾದ ಪೈಥಾನ್ 3.0 ಈ ಬೆರಕೆಯನ್ನು ನಿಲ್ಲಿಸಿತು. ಪಠ್ಯವೆಲ್ಲ ಯೂನಿಕೋಡ್ ಆಯಿತು, ಬೈಟ್‌ಗಳು ಪ್ರತ್ಯೇಕವಾದವು. ಬೇರೆ ಬದಲಾವಣೆಗಳೂ ಇದ್ದವು. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯ ಪೈಥಾನ್ 3 ಎನ್ನುತ್ತಿತ್ತು, ಹೊಸದು 3.5 ಎಂದಿತು. ಔಷಧದ ಪ್ರಮಾಣವನ್ನು ಲೆಕ್ಕ ಹಾಕುವವರಿಗೆ ಈ ಅರ್ಧದ ಬೆಲೆ ಗೊತ್ತು. ಹಳೆಯ ಪ್ರೋಗ್ರಾಂಗಳು ಹೊಸದರಲ್ಲಿ ಹಾಗೆಯೇ ಓಡಲಾರವು ಎಂಬುದನ್ನು ಅರಿತೇ ಈ ಹೆಜ್ಜೆಯಿಟ್ಟಿದ್ದರು.

ತೊಡಕು ಹೆಚ್ಚಿದ್ದುದು ಪ್ಯಾಕೇಜುಗಳಲ್ಲಿ. ಯಾರೋ ಬರೆದು ಎಲ್ಲರಿಗೂ ಹಂಚಿದ ಸಿದ್ಧ ಪ್ರೋಗ್ರಾಂ ಕಟ್ಟುಗಳಿವು. ಒಂದು ಇನ್ನೊಂದನ್ನು ಆತುಕೊಂಡಿರುತ್ತದೆ. ತಳದಲ್ಲಿರುವುದು ಕದಲದೆ ಮೇಲಿನದು ಕದಲದು. ‘ಟು-ಟು-ತ್ರೀ’ ಎಂಬ ಪರಿವರ್ತಕವು ಬರವಣಿಗೆಯ ರೂಪವನ್ನು ತಿದ್ದುತ್ತಿತ್ತು. ಒಂದು ಸಾಲು ಪಠ್ಯವೋ ಬರಿಯ ಬೈಟೋ ಎಂಬುದನ್ನು ಮನುಷ್ಯರೇ ಕುಳಿತು ನಿರ್ಧರಿಸಬೇಕಿತ್ತು. ಎರಡು ಪೀಳಿಗೆಗಳಿಗೂ ಸಲ್ಲುವಂತೆ ಬರೆಯಲು ‘ಸಿಕ್ಸ್’ ಎಂಬ ಪ್ಯಾಕೇಜು ಬಂದಿತು; ಎರಡು ಮೂರಲೆ ಆರು ಎಂಬುದೇ ಆ ಹೆಸರಿನ ಮರ್ಮ. ಗಣಿತದ ಆಧಾರವಾದ ನಂಪೈ 2010ರಲ್ಲಿ ಹೊಸ ಪೈಥಾನಿಗೆ ಒಗ್ಗಿತು. ಜಾಲತಾಣಗಳನ್ನು ಕಟ್ಟುವ ಜಾಂಗೊ 2013ರಲ್ಲಿ ಪ್ರಾಯೋಗಿಕವಾಗಿ ಹೆಜ್ಜೆಯಿಟ್ಟಿತು. ಈ ಕೆಲಸದಲ್ಲಿ ಬಹುಪಾಲು ಸ್ವಯಂಸೇವಕರದು. ಹಳೆಯದಕ್ಕೆ ಬೆಂಬಲವನ್ನು 2015ಕ್ಕೆ ನಿಲ್ಲಿಸುವುದೆಂದಿದ್ದ ಯೋಜನೆಯನ್ನು 2014ರಲ್ಲಿ ಬದಲಿಸಿ, 2020ರವರೆಗೆ ಅವಧಿ ಕೊಟ್ಟರು. 2020ರ ಏಪ್ರಿಲಿನಲ್ಲಿ ಬಂದ 2.7.18 ಆ ಪೀಳಿಗೆಯ ಕೊನೆಯ ಆವೃತ್ತಿ.

ಅಷ್ಟು ದೊಡ್ಡ ವಲಸೆ ಮುಗಿದರೂ ಸಣ್ಣ ವಲಸೆಗಳು ನಿಂತಿಲ್ಲ. ಈಗ ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸ ಆವೃತ್ತಿಯೊಂದು ಬರುತ್ತದೆ. ಪ್ರತಿಯೊಂದಕ್ಕೂ ಪ್ಯಾಕೇಜುಗಳನ್ನಿಡುವ ಸ್ವಂತ ಉಗ್ರಾಣವಿರುವುದರಿಂದ, ಹಳೆಯದರಲ್ಲಿದ್ದುದು ಹೊಸದರಲ್ಲಿ ತಾನಾಗಿ ಕಾಣಿಸದು. ಕಡತಗಳನ್ನು ಅನಾಮತ್ತಾಗಿ ಎತ್ತಿ ಹಾಕುವುದೂ ತರವಲ್ಲ. ಸಿ ಭಾಷೆಯಲ್ಲಿ ಬರೆದ ಭಾಗಗಳು ಸಾಮಾನ್ಯವಾಗಿ ಆಯಾ ಆವೃತ್ತಿಗೆಂದೇ ಸಿದ್ಧವಾಗಿರುತ್ತವೆ.

ಬೇರೆ ಆಸ್ಪತ್ರೆಯಿಂದ ಬಂದ ರೋಗಿಯ ಮಾತ್ರೆಗಳ ಚೀಲವನ್ನು ನಾವು ವೈದ್ಯರು ಹಾಗೆಯೇ ಮುಂದುವರಿಸುವುದಿಲ್ಲ. ಮೊದಲು ಪಟ್ಟಿ ಮಾಡುತ್ತೇವೆ. ಯಾವುದು ಇನ್ನೂ ಬೇಕು, ಯಾವುದು ಹೊಸ ಔಷಧಕ್ಕೆ ಒಗ್ಗದು ಎಂದು ಒಂದೊಂದನ್ನೂ ಪರಿಶೀಲಿಸಿ ಹೊಸದಾಗಿ ಬರೆದುಕೊಡುತ್ತೇವೆ. ಇಲ್ಲಿಯೂ ಕ್ರಮ ಅದೇ. ‘ಪಿಪ್ ಫ್ರೀಜ್’ ಎಂಬ ಆದೇಶವು ಇರುವ ಪ್ಯಾಕೇಜುಗಳನ್ನೆಲ್ಲ ಆವೃತ್ತಿಸಹಿತ ಪಟ್ಟಿಮಾಡುತ್ತದೆ. ಹೊಸ ಪೈಥಾನಿನಲ್ಲಿ ‘ವೆನ್ವ್’ ಬಳಸಿ ಪ್ರತ್ಯೇಕ ಕೋಣೆಯೊಂದನ್ನು ಮಾಡಿಕೊಂಡು, ಪಟ್ಟಿಯನ್ನು ನೋಡಿ ಬೇಕಾದುದನ್ನು ಮರಳಿ ಸ್ಥಾಪಿಸಬೇಕು. ಕೆಲವು ಹಳೆಯ ಆವೃತ್ತಿಗಳು ಹೊಸದಕ್ಕೆ ಹೊಂದದಿದ್ದರೆ ಅವುಗಳ ಮುಂದಿನ ಆವೃತ್ತಿಗಳನ್ನು ಹುಡುಕಬೇಕು. ಎಲ್ಲವೂ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಅಳಿಸಬಾರದು.

ನಮ್ಮ ಮನೆಗಳ ಅನೇಕ ಮಕ್ಕಳು ಈಗ ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದಾರೆ. ‘ಕನ್ನಡ’ ಎಂದು ಬರೆದು ಅದರ ಉದ್ದವನ್ನು ಕೇಳಲು ಅವರಿಗೆ ಹೇಳಿ ನೋಡಿ. ಉತ್ತರ 5 ಎಂದು ಬರುತ್ತದೆ. ಮೂರು ಏಕೆ ಬರಲಿಲ್ಲ ಎಂದು ಮಗು ಕೇಳಿದರೆ, ಒತ್ತಕ್ಷರದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.